ಗೋಡೆ ಸರಿಸೋಕೆ ಆಗದಿದ್ದರೆ ರಸ್ತೆ ಸರಿಸಬೇಕು: ಹಳೆಯ ರೇಸ್ ಟ್ರ್ಯಾಕ್ ಸುರಕ್ಷಿತವಾಗುವುದು ಹೇಗೆ

ಇಟಲಿಯ ಇಮೋಲಾ ಸರ್ಕ್ಯೂಟ್‌ನಲ್ಲಿ ತಂಬುರೆಲ್ಲೋ ಅಂತ ಒಂದು ತಿರುವು ಇದೆ. ಮೊದಲು ಅದು ಎಡಕ್ಕೆ ಉದ್ದಕ್ಕೆ ಬಾಗುವ ತಿರುವಾಗಿತ್ತು. ಯಾರೂ ಬ್ರೇಕ್ ಮುಟ್ಟುತ್ತಿರಲಿಲ್ಲ, ವೇಗ 300 ಕಿ.ಮೀ. ಆಸುಪಾಸು. ಹೊರಬದಿಯಲ್ಲಿ ಕಾಂಕ್ರೀಟ್ ಗೋಡೆ. ಗೋಡೆಯ ಹಿಂದೆ ಸಾಂತೆರ್ನೊ ನದಿ. 1987ರಲ್ಲಿ ಫಾರ್ಮುಲಾ 1 ಕಾರ್ ರೇಸ್‌ನ ಚಾಲಕ ನೆಲ್ಸನ್ ಪಿಕೆ ಅಲ್ಲಿ ಗುದ್ದಿ ಗಾಯಗೊಂಡರು. 1989ರಲ್ಲಿ ಗೆರ್ಹಾರ್ಡ್ ಬರ್ಗರ್ ಗುದ್ದಿದಾಗ ಕಾರು ಹೊತ್ತಿ ಉರಿಯಿತು. ಮುಂದೆ ಬರ್ಗರ್ ಮತ್ತು ಅವರ ಗೆಳೆಯ ಐರ್ಟನ್ ಸೆನ್ನಾ ಆ ಜಾಗಕ್ಕೆ ನಡೆದು ಹೋಗಿ ಗೋಡೆಯಾಚೆ ಇಣುಕಿ ನೋಡಿದರಂತೆ. ನದಿ ಕಂಡಿತು. ಗೋಡೆಯನ್ನು ಹಿಂದಕ್ಕೆ ತಳ್ಳೋಕೆ ಜಾಗವೇ ಇಲ್ಲ, ಏನೂ ಮಾಡೋಕಾಗಲ್ಲ ಅಂದುಕೊಂಡು ಇಬ್ಬರೂ ವಾಪಸ್ ಬಂದರು ಎಂದು ಬರ್ಗರ್ ಹೇಳಿಕೊಂಡಿದ್ದಾರೆ. 1994ರ ಮೇ 1ರಂದು ಸೆನ್ನಾ ಪ್ರಾಣ ಬಿಟ್ಟದ್ದು ಅದೇ ತಿರುವಿನ ಗೋಡೆಗೆ ಗುದ್ದಿ. ಹಿಂದಿನ ದಿನವಷ್ಟೇ, ಅದೇ ಟ್ರ್ಯಾಕ್‌ನ ಮುಂದಿನ ತಿರುವಿನಲ್ಲಿ ರೋಲಾಂಡ್ ರಾಟ್ಜೆನ್‌ಬರ್ಗರ್ ತೀರಿಕೊಂಡಿದ್ದರು.

1995ರ ಹೊತ್ತಿಗೆ ತಂಬುರೆಲ್ಲೋ ಬದಲಾಯಿತು. ನದಿ ಇದ್ದಲ್ಲೇ ಇತ್ತು. ರಸ್ತೆಯನ್ನು ಒಳಗೆ ಎಳೆದು, ಎಡ-ಬಲ-ಎಡ ಅಂತ ಡೊಂಕು ಮಾಡಿದರು. ಕಾರುಗಳು ಬ್ರೇಕ್ ಹಾಕಲೇಬೇಕಾಯಿತು. ಹೊರಗೆ ಒಂದಿಷ್ಟು ಖಾಲಿ ಜಾಗವೂ ಸಿಕ್ಕಿತು. ಇಷ್ಟು ಸರಳವಾದ ವಿಷಯ ಜಗತ್ತಿನ ಅತ್ಯಂತ ಚುರುಕಾದ ಇಬ್ಬರು ಚಾಲಕರಿಗೆ ಅವತ್ತು ಹೊಳೆಯಲಿಲ್ಲ. ಯಾಕೆಂದರೆ ಟ್ರ್ಯಾಕ್ ಅಂದರೆ ಅದು ಇರುವ ಹಾಗೇ ಇರಬೇಕು ಅಂತ ಎಲ್ಲರೂ ನಂಬಿದ್ದ ಕಾಲ ಅದು. ಈ ಕಥೆ ನೆನಪಾದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಹಳೆಯ ಸರ್ಕ್ಯೂಟ್ ಒಂದನ್ನು ಈಗಿನ ಮಟ್ಟಕ್ಕೆ ತರುವುದು ಎಂದರೆ ಹೊಸ ಡಾಂಬರು ಹಾಕಿ, ಬಣ್ಣ ಬಳಿದು, ಕಾರುಗಳ ಟಯರ್ ಬದಲಿಸುವ, ರಿಪೇರಿ ಮಾಡುವ ಪಿಟ್ ಕಟ್ಟಡ ಎತ್ತುವುದು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಅದೂ ಇರುತ್ತದೆ. ಆದರೆ ನಿಜವಾದ ಕೆಲಸ ನಡೆಯುವುದು ರಸ್ತೆಯ ಮೇಲಲ್ಲ, ರಸ್ತೆಯ ಹೊರಗೆ. ಪ್ರತಿ ತಿರುವಿನಲ್ಲೂ ವಿನ್ಯಾಸಕಾರರು ಕೇಳುವ ಪ್ರಶ್ನೆ ಒಂದೇ: ಇಲ್ಲಿ ಹಿಡಿತ ತಪ್ಪಿದ ಕಾರು ಎಲ್ಲಿಗೆ ಹೋಗುತ್ತದೆ, ಅಲ್ಲಿಗೆ ಮುಟ್ಟಿದಾಗ ಅದರಲ್ಲಿ ಇನ್ನೆಷ್ಟು ವೇಗ ಉಳಿದಿರುತ್ತದೆ? ಮೊದಲು ಈ ಲೆಕ್ಕ, ರಸ್ತೆ ಬಾಗುವ ರೀತಿ ಆಮೇಲೆ.

ಕೊನೆಯ ಮೀಟರ್‌ಗಳ ಬೆಲೆ

ಸ್ವಲ್ಪ ಲೆಕ್ಕ ಮಾಡೋಣ. ಕಷ್ಟದ ಲೆಕ್ಕ ಏನಲ್ಲ.

ಒಂದು ಕಾರು ಗಂಟೆಗೆ 200 ಕಿ.ಮೀ. ವೇಗದಲ್ಲಿ ರಸ್ತೆ ಬಿಟ್ಟು ಹೊರಗೆ ಹೋಯಿತು ಅಂದುಕೊಳ್ಳಿ. ಹೊರಗೆ ಡಾಂಬರು ಹಾಕಿದ ಬಯಲು ಇದೆ. ಇದನ್ನೇ ರನ್-ಆಫ್ ಅನ್ನುವುದು. ಚಾಲಕ ಬ್ರೇಕ್ ಒತ್ತಿದ್ದಾರೆ. ಕಾರು 1 ಜಿ ಲೆಕ್ಕದಲ್ಲಿ, ಅಂದರೆ ಭೂಮಿಯ ಸೆಳೆತದಷ್ಟೇ ಬಲದಲ್ಲಿ ನಿಧಾನವಾಗುತ್ತಿದೆ. ಪೂರ್ತಿ ನಿಲ್ಲೋಕೆ ಬೇಕಾದ ದೂರ ಸುಮಾರು 157 ಮೀಟರ್. ಈಗ ಮೊದಲ 60 ಮೀಟರ್ ದಾಟಿದಾಗ ವೇಗ ಎಷ್ಟಿರುತ್ತದೆ ಗೊತ್ತಾ? ಇನ್ನೂ 157 ಕಿ.ಮೀ. ಇರುತ್ತದೆ. 100 ಮೀಟರ್ ದಾಟಿದಾಗ 121 ಕಿ.ಮೀ. ಉಳಿದ 57 ಮೀಟರ್‌ನಲ್ಲಿ 121ರಿಂದ ಸೊನ್ನೆಗೆ ಬರುತ್ತದೆ.

ಮೊದಲ 60 ಮೀಟರ್ ಕಳೆದದ್ದು ಬರೀ 43 ಕಿ.ಮೀ. ವೇಗ. ಕೊನೆಯ 57 ಮೀಟರ್ ಅದರ ಸುಮಾರು ಮೂರು ಪಟ್ಟು ಕಳೆಯಿತು. ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ, ಅದಕ್ಕೇ ಹೀಗೆ. ಹಾಗಾಗಿ ಗೋಡೆಯನ್ನು ಇನ್ನೊಂದು 20 ಮೀಟರ್ ಹಿಂದಕ್ಕೆ ಸರಿಸಿ ಅಂತ ತಪಾಸಣೆಯವರು ಹಠ ಹಿಡಿದರೆ ಅದು ಸುಮ್ನೆ ಅಲ್ಲ. ಆ 20 ಮೀಟರ್‌ಗೆ ಮೊದಲಿದ್ದ 20 ಮೀಟರ್‌ಗಿಂತ ಜಾಸ್ತಿ ಬೆಲೆ ಇದೆ. ಅದೇ ಕಾರು 300 ಕಿ.ಮೀ. ವೇಗದಲ್ಲಿ ಹೊರಟಿದ್ದರೆ ನಿಲ್ಲೋಕೆ 350 ಮೀಟರ್‌ಗಿಂತ ಜಾಸ್ತಿ ಬೇಕು. ಅಷ್ಟು ಜಾಗ ಬಹುತೇಕ ಯಾವ ಹಳೆಯ ಸರ್ಕ್ಯೂಟ್‌ನಲ್ಲೂ ಇರುವುದಿಲ್ಲ. ಹಿಂದೆ ಮರಗಳಿರುತ್ತವೆ, ಗ್ಯಾಲರಿ ಇರುತ್ತದೆ, ಇನ್ನೊಬ್ಬರ ಜಮೀನಿರುತ್ತದೆ. ಇಮೋಲಾದಲ್ಲಿ ಇದ್ದ ಹಾಗೆ ನದಿಯೂ ಇರಬಹುದು.

ಉಳಿದ ವೇಗವನ್ನು ನುಂಗಿಕೊಳ್ಳುವ ಕೆಲಸ ತಡೆಗೋಡೆಯದ್ದು. ಇಲ್ಲೂ ಲೆಕ್ಕ ಸರಳ. 100 ಕಿ.ಮೀ. ವೇಗದ ಕಾರು ಗಟ್ಟಿ ಗೋಡೆಗೆ ನೇರವಾಗಿ ಗುದ್ದಿ ಬರೀ 10 ಸೆಂ.ಮೀ. ಒಳಗೆ ನಿಂತರೆ ಸರಾಸರಿ ಹೊಡೆತ 390 ಜಿ ದಾಟುತ್ತದೆ. ಬದುಕುವ ಮಾತೇ ಇಲ್ಲ. ಅದೇ ಕಾರು ಒಂದು ಮೀಟರ್ ಒಳಕ್ಕೆ ಹೂತು ನಿಂತರೆ ಹೊಡೆತ 39 ಜಿ. ಪಟ್ಟಿ ಬಿಗಿದುಕೊಂಡು ಕೂತ ಚಾಲಕ ಎದ್ದು ನಡೆದು ಹೋಗುವ ಸಾಧ್ಯತೆ ಚೆನ್ನಾಗಿದೆ. ಕಾರಿನ ಮೂತಿ ಜಜ್ಜಿ ಹೋಗುವುದು, ಟಯರ್ ಗೋಡೆ ಒಳಕ್ಕೆ ತಗ್ಗುವುದು, ಎಲ್ಲಾ ಈ ಒಂದು ಮೀಟರ್ ಗಳಿಸೋಕೆ.

ಟಯರ್ ಗೋಡೆಯನ್ನು ದೂರದಿಂದ ನೋಡಿದರೆ ಹಳೆ ಟಯರ್‌ಗಳನ್ನು ಸುಮ್ನೆ ಪೇರಿಸಿಟ್ಟ ಹಾಗೆ ಕಾಣುತ್ತದೆ. ಹತ್ತಿರ ಹೋಗಿ ನೋಡಿದರೆ ಬೇರೆಯೇ ಕಥೆ. ಒಂದೊಂದು ಟಯರ್ ಪಕ್ಕದ್ದಕ್ಕೆ ಬೋಲ್ಟ್ ಹಾಕಿ ಬಿಗಿದಿರುತ್ತದೆ. ಸಾಲಿನ ಹಿಂದೆ ಇನ್ನೊಂದು ಸಾಲು. ಮುಂಭಾಗಕ್ಕೆ ಕಾರ್ಖಾನೆಗಳಲ್ಲಿ ಸಾಮಾನು ಸಾಗಿಸುವ ಬೆಲ್ಟ್ ಇರುತ್ತದಲ್ಲ, ಆ ದಪ್ಪ ರಬ್ಬರ್ ಹಾಳೆಯ ಹೊದಿಕೆ. ಆ ಹಾಳೆ ಇಲ್ಲದಿದ್ದರೆ ಕಾರಿನ ಚೂಪು ಮೂತಿ ಎರಡು ಟಯರ್‌ಗಳ ಸಂದಿಗೆ ನುಗ್ಗಿಬಿಡುತ್ತದೆ. ಹಾಳೆ ಇದ್ದರೆ ಓರೆಯಾಗಿ ಬಂದ ಕಾರು ಅದರ ಮೇಲೆ ಜಾರಿಕೊಂಡು ಹೋಗುತ್ತದೆ.

ಈಗ ಟೆಕ್‌ಪ್ರೊ ಅನ್ನುವ ಪ್ಲಾಸ್ಟಿಕ್ ಬ್ಲಾಕ್‌ಗಳ ತಡೆಗೋಡೆ ಹಲವು ಕಡೆ ಬಂದಿದೆ. ಬ್ಲಾಕ್‌ನಿಂದ ಬ್ಲಾಕ್‌ಗೆ ಪಟ್ಟಿ ಬಿಗಿದು ಸರಪಳಿ ಥರ ಮಾಡಿರುತ್ತಾರೆ. ಅದೂ ಪರಿಪೂರ್ಣ ಅಲ್ಲ. 2015ರಲ್ಲಿ ಸೋಚಿಯ ಅಭ್ಯಾಸ ಓಟದಲ್ಲಿ ಕಾರ್ಲೋಸ್ ಸೈನ್ಸ್ ಅವರ ಕಾರು ಟೆಕ್‌ಪ್ರೊ ಕೆಳಗೆ ನುಸುಳಿ ಹೂತುಹೋಯಿತು. ಅವರನ್ನು ಹೊರತೆಗೆಯೋಕೆ ಮೊದಲು ತಡೆಗೋಡೆ ಎತ್ತಬೇಕಾಯಿತು. ಅದೃಷ್ಟಕ್ಕೆ ಮರುದಿನ ಅವರು ರೇಸ್ ಓಡಿಸಿದರು. ತಡೆಗೋಡೆ ಮೆತ್ತಗಿದ್ದರೆ ಸಾಲದು, ಕಾರು ಅದರ ಕೆಳಗೆ, ಮೇಲೆ, ನಡುವೆ ನುಗ್ಗದ ಹಾಗೂ ಇರಬೇಕು.

ಕೋನದ ವಿಷಯ ಇನ್ನೂ ಸೂಕ್ಷ್ಮ. 200 ಕಿ.ಮೀ. ವೇಗದ ಕಾರು ಗೋಡೆಗೆ 15 ಡಿಗ್ರಿ ಓರೆಯಲ್ಲಿ ತಾಗಿದರೆ, ಗೋಡೆಯ ಕಡೆಗಿನ ವೇಗ ಬರೀ 52 ಕಿ.ಮೀ. ಉಳಿದದ್ದೆಲ್ಲ ಗೋಡೆಯ ಉದ್ದಕ್ಕೆ ಉಜ್ಜಿಕೊಂಡು ಹೋಗುವ ವೇಗ. ಹಾಗಾಗಿ ಗೋಡೆ ರಸ್ತೆಗೆ ತೀರಾ ಹತ್ತಿರ, ಸಮಾನಾಂತರವಾಗಿ ಇದ್ದರೂ ಪರವಾಗಿಲ್ಲ. ಅಮೆರಿಕದ ಮೊಟ್ಟೆಯಾಕಾರದ ಟ್ರ್ಯಾಕ್‌ಗಳು ನಡೆಯುವುದೇ ಹೀಗೆ. 2002ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಮೊದಲು ಹಾಕಿದ ಸೇಫರ್ ತಡೆಗೋಡೆ, ನೆಬ್ರಾಸ್ಕಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡದ್ದು. ಕಾಂಕ್ರೀಟ್ ಗೋಡೆಯ ಮುಂದೆ ಉಕ್ಕಿನ ಕೊಳವೆಗಳು, ಎರಡರ ನಡುವೆ ಫೋಮ್. ಗೋಡೆ ತೀರಾ ದೂರ ಇದ್ದರೂ ಒಳ್ಳೆಯದೇ, ಕಾರು ನಿಲ್ಲೋಕೆ ಜಾಗ ಸಿಗುತ್ತದೆ. ಕಷ್ಟ ಇರುವುದು ನಡುವೆ ಇರುವ ಗೋಡೆಯಲ್ಲಿ. ಕಾರು ತಿರುಗಿ ಗೋಡೆಗೆ ಅಡ್ಡವಾಗೋಕೆ ಸಾಕಷ್ಟು ಜಾಗ, ನಿಲ್ಲೋಕೆ ಸಾಲದಷ್ಟು ಜಾಗ. ಹಳೆಯ ಟ್ರ್ಯಾಕ್‌ಗಳಲ್ಲಿ ಮೊದಲು ಹುಡುಕಬೇಕಾದದ್ದು ಈ ನಡುವಿನ ಗೋಡೆಗಳನ್ನು.

2020ರ ನವೆಂಬರ್ 29ರಂದು ಬಹ್ರೇನ್‌ನಲ್ಲಿ ರೊಮೇನ್ ಗ್ರೋಜಾನ್ ಗುದ್ದಿದ್ದು ಅಂಥ ಒಂದು ಕಬ್ಬಿಣದ ಗಾರ್ಡ್‌ರೈಲ್‌ಗೆ. ತಾಗಿದಾಗ ವೇಗ 192 ಕಿ.ಮೀ., ಕೋನ 29 ಡಿಗ್ರಿ, ಹೊಡೆತ 67 ಜಿ. ಕಾರಿನ ಮುಂಭಾಗ ಕಬ್ಬಿಣದ ಪಟ್ಟಿಗಳನ್ನು ಸೀಳಿಕೊಂಡು ಆಚೆ ಹೋಯಿತು. ಬೆಂಕಿಯೊಳಗಿಂದ ಅವರು ಹೊರಬರೋಕೆ 27 ಸೆಕೆಂಡ್ ಹಿಡಿಯಿತು. ತಲೆಯ ಸುತ್ತ ಇರುವ ಹೇಲೋ ಚೌಕಟ್ಟು ಇಲ್ಲದಿದ್ದರೆ ಬದುಕುತ್ತಿರಲಿಲ್ಲ. ವಿಶೇಷ ಏನೆಂದರೆ ಬಹ್ರೇನ್ ಹಳೆಯ ಟ್ರ್ಯಾಕ್ ಅಲ್ಲ, 2004ರಿಂದ ಓಡುತ್ತಿರುವ, ಜಾಗಕ್ಕೆ ಬರ ಇಲ್ಲದ ಟ್ರ್ಯಾಕ್. ಅಲ್ಲಿ ಕಾರು ನೇರ ದಾರಿಯಲ್ಲಿ ಹಠಾತ್ತಾಗಿ ಬಲಕ್ಕೆ ಹೊರಳಿ ಬರಬಹುದು ಅಂತ ಯಾರೂ ಅಷ್ಟಾಗಿ ಯೋಚಿಸಿರಲಿಲ್ಲ. ತಿರುವಿನ ಹೊರಬದಿಯನ್ನು ಎಲ್ಲರೂ ನೋಡುತ್ತಾರೆ. ನೇರ ರಸ್ತೆಯ ಪಕ್ಕವನ್ನು ನೋಡೋಕೆ ಬೇರೆಯೇ ಕಣ್ಣು ಬೇಕು.

ಜಲ್ಲಿಯೋ ಡಾಂಬರೋ

ರೇಸ್ ಪ್ರಿಯರ ನಡುವೆ ಈ ಜಗಳ ಮುಗಿಯುವುದೇ ಇಲ್ಲ.

ಜಲ್ಲಿಯ ಹೊಂಡ ಹಳೆಯ ಉಪಾಯ. ಚೂಪು ಜಲ್ಲಿ ಅಲ್ಲ, ನದಿಯ ಕಲ್ಲಿನ ಹಾಗೆ ಉರುಟಾದ ಸಣ್ಣ ಕಲ್ಲು, ಸುಮಾರು 25 ಸೆಂ.ಮೀ. ಆಳಕ್ಕೆ. ಚಕ್ರ ಅದರಲ್ಲಿ ಹೂತು ಕಾರು ನಿಲ್ಲುತ್ತದೆ. ಬ್ರೇಕ್ ಕೆಟ್ಟಿದ್ದರೂ ಕೆಲಸ ಮಾಡುತ್ತದೆ, ಅದು ದೊಡ್ಡ ಅನುಕೂಲ. ಆದರೆ ರೇಸ್ ಕಾರಿನ ಹೊಟ್ಟೆ ಚಪ್ಪಟೆ. ವೇಗ ಜಾಸ್ತಿ ಇದ್ದರೆ ಚಕ್ರ ಹೂಳುವ ಮೊದಲೇ ಕಾರು ಕಲ್ಲಿನ ಮೇಲೆ ತೇಲಿಕೊಂಡು ಹೋಗುತ್ತದೆ, ನೀರಿನ ಮೇಲೆ ಎಸೆದ ಬಿಲ್ಲೆಕಲ್ಲಿನ ಹಾಗೆ. ಅಡ್ಡಡ್ಡ ಹೋದರೆ ಚಕ್ರ ಕಚ್ಚಿಕೊಂಡು ಪಲ್ಟಿ ಹೊಡೆಯಬಹುದು. 2022ರಲ್ಲಿ ಸಿಲ್ವರ್‌ಸ್ಟೋನ್‌ನ ಮೊದಲ ತಿರುವಿನಲ್ಲಿ ಝೌ ಗ್ವಾನ್ಯು ಅವರ ಕಾರು ತಲೆಕೆಳಗಾಗಿಯೇ ಜಲ್ಲಿ ದಾಟಿ, ಟಯರ್ ಗೋಡೆಯ ಮೇಲಿಂದ ಹಾರಿ, ತಂತಿ ಬೇಲಿಗೆ ಬಡಿದು, ಬೇಲಿಗೂ ಟಯರ್ ಗೋಡೆಗೂ ನಡುವಿನ ಸಂದಿಯಲ್ಲಿ ಸಿಕ್ಕಿಕೊಂಡಿತು. ಚಕ್ರ ಮೇಲೆ ಇದ್ದಾಗ ಜಲ್ಲಿ ಏನು ಮಾಡೀತು? ಆ ತಂತಿ ಬೇಲಿ ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸೋಕೂ ಭಯವಾಗುತ್ತದೆ. ಅದರ ಹಿಂದೆ ಜನ ಕೂತಿದ್ದರು.

ಇದೆಲ್ಲ ನೋಡಿ ಈ ಶತಮಾನದ ಮೊದಲ ವರ್ಷಗಳಲ್ಲಿ ಬಹಳ ಕಡೆ ಜಲ್ಲಿ ತೆಗೆದು ಡಾಂಬರು ಹಾಕಿದರು. ಟಯರ್ ನೆಲದ ಮೇಲಿದ್ದರೆ ಚಾಲಕ ಬ್ರೇಕ್ ಹಾಕಬಹುದು, ಸ್ಟೀರಿಂಗ್ ತಿರುಗಿಸಬಹುದು. ಫ್ರಾನ್ಸಿನ ಪೌಲ್ ರಿಕಾರ್ಡ್ ಸರ್ಕ್ಯೂಟ್‌ನಲ್ಲಿ ನೀಲಿ ಮತ್ತು ಕೆಂಪು ಪಟ್ಟೆಗಳ ರನ್-ಆಫ್ ನೋಡಿರುತ್ತೀರಿ. ಅದು ಅಂದಕ್ಕೆ ಬಳಿದ ಬಣ್ಣ ಅಲ್ಲ. ಆ ಪಟ್ಟೆಗಳು ಉಪ್ಪುಕಾಗದದ ಹಾಗೆ ಒರಟು. ಕೆಂಪು ಪಟ್ಟೆ ನೀಲಿಗಿಂತ ಒರಟು. ಮುಟ್ಟಿದರೆ ಟಯರ್ ಸವೆಯುತ್ತದೆ, ಕಾರು ಬೇಗ ನಿಧಾನವಾಗುತ್ತದೆ.

ಆದರೆ ಡಾಂಬರಿನ ಬಯಲು ಬೇರೆ ತಲೆನೋವು ತಂದಿತು. ತಪ್ಪು ಮಾಡಿದರೂ ಶಿಕ್ಷೆ ಇಲ್ಲ ಅಂದಮೇಲೆ ಚಾಲಕರು ಅದನ್ನೂ ರಸ್ತೆಯ ಭಾಗ ಅಂತಲೇ ಬಳಸತೊಡಗಿದರು. 2023ರ ಆಸ್ಟ್ರಿಯನ್ ಗ್ರ್ಯಾನ್ ಪ್ರಿಯಲ್ಲಿ ಬಿಳಿ ಗೆರೆ ದಾಟಿದ ಶಂಕೆಯ 1,200ಕ್ಕೂ ಜಾಸ್ತಿ ಘಟನೆಗಳನ್ನು ಅಧಿಕಾರಿಗಳು ನೋಡಬೇಕಾಯಿತು. ರೇಸ್ ಮುಗಿದು ಗಂಟೆಗಳ ಮೇಲೂ ಫಲಿತಾಂಶ ಬದಲಾಗುತ್ತಲೇ ಇತ್ತು. ಮರುವರ್ಷ ಕೊನೆಯ ಎರಡು ತಿರುವುಗಳ ಹೊರಗೆ, ರಸ್ತೆಯಂಚಿನ ಕಟ್ಟಿನ, ಅಂದರೆ ಕರ್ಬ್‌ನ ಪಕ್ಕದಲ್ಲೇ, ಜಲ್ಲಿಯ ಕಿರಿದಾದ ಒಂದು ಪಟ್ಟಿ ಹಾಕಿದರು. ಅದರಾಚೆ ಮತ್ತೆ ಡಾಂಬರು. ಸ್ವಲ್ಪ ಹೊರಗೆ ಬಂದವರಿಗೆ ಸಮಯ ನಷ್ಟ, ಪೂರ್ತಿ ಹಿಡಿತ ತಪ್ಪಿದವರಿಗೆ ಬ್ರೇಕ್ ಹಾಕೋಕೆ ಬಯಲು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ಹಾಗೆ. ಗೆರೆ ದಾಟುವ ಗೋಳು ಬಹುತೇಕ ನಿಂತಿತು. ನನ್ನ ಮಟ್ಟಿಗೆ ಈಚಿನ ವರ್ಷಗಳ ಅತ್ಯಂತ ಜಾಣ ಬದಲಾವಣೆ ಇದು.

ಗೆರೆ ದಾಟದಂತೆ ತಡೆಯೋಕೆ ಅದಕ್ಕೂ ಮೊದಲು ಮಾಡಿದ ಒಂದು ಉಪಾಯ ಅಪಾಯಕಾರಿ ಆಗಿತ್ತು. ಕರ್ಬ್‌ನ ಹಿಂದೆ ದುಂಡನೆಯ ಉಬ್ಬು ಕೂರಿಸುವುದು. ಇದಕ್ಕೆ ಸಾಸೇಜ್ ಕರ್ಬ್ ಅಂತ ಹೆಸರು. 2019ರಲ್ಲಿ ಮೊಂಝಾದ ಫಾರ್ಮುಲಾ 3 ರೇಸ್‌ನಲ್ಲಿ ಅಲೆಕ್ಸ್ ಪೆರೋನಿ ಅವರ ಕಾರು ಅಂಥ ಉಬ್ಬಿನ ಮೇಲೆ ಹತ್ತಿ ಗಾಳಿಯಲ್ಲಿ ಗಿರಗಿರ ತಿರುಗಿ ತಡೆಗೋಡೆಯ ಮೇಲೆ ಬಿತ್ತು. ಅವರ ಬೆನ್ನುಮೂಳೆ ಮುರಿಯಿತು. ನಿಯಮ ಪಾಲನೆಗೆ ಅಂತ ಇಟ್ಟ ವಸ್ತು ಕಾರನ್ನು ಹಾರಿಸುವ ಹಲಗೆಯಾಯಿತು.

ಬೈಕ್ ಬಂದರೆ ಲೆಕ್ಕ ಇನ್ನೂ ಜಟಿಲ. ಕಾರಿಗೆ ಹಿತವಾದ ಡಾಂಬರು, ಬಿದ್ದ ಬೈಕ್ ಸವಾರನಿಗೆ ಕೆಟ್ಟದ್ದು. ಅವರಿಗೆ ಬ್ರೇಕ್ ಇಲ್ಲ, ಮೈಯೇ ಜಾರುತ್ತಿರುತ್ತದೆ. ಅವರಿಗೆ ಜಲ್ಲಿ ಬೇಕು, ಗಾಳಿ ತುಂಬಿದ ಮೆತ್ತನೆ ಗೋಡೆ ಬೇಕು. ಎತ್ತು ಏರಿಗೆ, ಕೋಣ ನೀರಿಗೆ ಎಳೆದ ಹಾಗೆ. 2016ರ ಜೂನ್‌ನಲ್ಲಿ ಬಾರ್ಸಿಲೋನಾದ 12ನೇ ತಿರುವಿನಲ್ಲಿ ಬಿದ್ದ ಲೂಯಿಸ್ ಸಲೋಮ್ ಡಾಂಬರಿನ ರನ್-ಆಫ್ ಮೇಲೆ ಜಾರಿಹೋಗಿ ತೀರಿಕೊಂಡರು. ಉಳಿದ ದಿನಗಳಿಗೆ ಬೈಕ್‌ಗಳನ್ನು ಕಾರುಗಳ ದಾರಿಯಲ್ಲಿ, ಅಂದರೆ ಎಡಬಲ ಡೊಂಕಿನ ನಿಧಾನವಾದ ಚಿಕೇನ್ ಮೂಲಕ ಕಳಿಸಿದರು. ಆಮೇಲೆ ಆ ರನ್-ಆಫ್‌ನಲ್ಲಿ ಜಲ್ಲಿ ಬಂತು. ಎರಡೂ ಬಗೆಯ ರೇಸ್ ನಡೆಸುವ ಸರ್ಕ್ಯೂಟ್‌ಗಳು ಒಂದೇ ತಿರುವಿಗೆ ಎರಡು ದಾರಿ ಇಟ್ಟುಕೊಳ್ಳುವುದು ಇಂಥ ಕಾರಣಕ್ಕೆ.

ವೇಗವನ್ನೇ ಕಡಿಮೆ ಮಾಡುವುದು

ಜಾಗ ಇಲ್ಲದ ಕಡೆ ಉಳಿಯುವ ದಾರಿ ವೇಗ ಇಳಿಸುವುದು. ವೇಗ ಅರ್ಧ ಆದರೆ ಹೊಡೆತದ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಅದಕ್ಕೇ ಚಿಕೇನ್, ಅಂದರೆ ರಸ್ತೆಯನ್ನು ಬೇಕಂತಲೇ ಎಡಬಲ ಡೊಂಕು ಮಾಡುವುದು. ಮೊಂಝಾದಲ್ಲಿ 1972ರಲ್ಲಿ ಚಿಕೇನ್ ಬಂದವು. 1990ರಲ್ಲಿ ಲೆ ಮಾನ್ಸ್‌ನ ಮುಲ್ಸಾನ್ ನೇರ ದಾರಿಯನ್ನು ಎರಡು ಚಿಕೇನ್ ಹಾಕಿ ಮುರಿದರು.

ನನಗೆ ಚಿಕೇನ್ ಇಷ್ಟ ಇಲ್ಲ. ಅದು ಒಂದು ತಪ್ಪೊಪ್ಪಿಗೆ ಪತ್ರದ ಹಾಗೆ: ಇಲ್ಲಿ ಜಾಗ ಇಲ್ಲ, ಬೇರೆ ದಾರಿ ಕಾಣಲಿಲ್ಲ ಅಂತ. ಅದರದ್ದೇ ಆದ ಅಪಾಯಗಳೂ ಇವೆ. ಮೊದಲ ಸುತ್ತಿನಲ್ಲಿ ಇಪ್ಪತ್ತು ಕಾರು ಒಟ್ಟಿಗೆ ಕಿರಿದಾದ ಜಾಗಕ್ಕೆ ಬ್ರೇಕ್ ಒತ್ತಿ ಬಂದರೆ ಡಿಕ್ಕಿ ಆಗುತ್ತದೆ. 2000ದಲ್ಲಿ ಮೊಂಝಾದ ಎರಡನೇ ಚಿಕೇನ್‌ನಲ್ಲಿ ಹಾಗೇ ಆಯಿತು. ಹಾರಿ ಬಂದ ಚಕ್ರ ತಾಗಿ ಬೆಂಕಿ ಆರಿಸುವ ಸಿಬ್ಬಂದಿಯೊಬ್ಬರು ತೀರಿಕೊಂಡರು. ಮರುವರ್ಷ ಮೆಲ್ಬರ್ನ್‌ನಲ್ಲಿ ಬೇಲಿಯ ಒಂದು ಸಂದಿಯಲ್ಲಿ ತೂರಿದ ಚಕ್ರ ಟ್ರ್ಯಾಕ್ ಪಕ್ಕ ಸುರಕ್ಷತೆ ನೋಡಿಕೊಳ್ಳುವ ಒಬ್ಬ ಮಾರ್ಷಲ್‌ನ ಪ್ರಾಣ ತೆಗೆಯಿತು. ಟ್ರ್ಯಾಕ್ ವಿನ್ಯಾಸದ ಮಾತು ಬಂದಾಗ ನಾವೆಲ್ಲ ಚಾಲಕರನ್ನೇ ನೆನೆಯುತ್ತೇವೆ. ಬಿಸಿಲಲ್ಲಿ, ಮಳೆಯಲ್ಲಿ, ಬಹಳ ಕಡೆ ಸಂಬಳ ಇಲ್ಲದೆ ನಿಂತಿರುವ ಈ ಜನರನ್ನು ಮರೆಯುತ್ತೇವೆ. ಬೇಲಿಯಲ್ಲಿ ಬಾಗಿಲು ಎಲ್ಲಿ ಬಿಡಬೇಕು, ಅದಕ್ಕೆ ಎದುರಾಗಿ ಇನ್ನೊಂದು ಬೇಲಿಯ ತುಂಡು ಎಷ್ಟು ಉದ್ದ ಇರಬೇಕು ಅನ್ನುವುದು ನಕ್ಷೆಯಲ್ಲಿ ಚಿಕ್ಕ ಗೆರೆ. ನೆಲದ ಮೇಲೆ ಅದು ಒಂದು ಜೀವ.

ಚಿಕೇನ್ ಯಾವಾಗಲೂ ಶಾಶ್ವತ ಅಲ್ಲ ಅನ್ನೋಕೆ ಬಾರ್ಸಿಲೋನಾ ಸಾಕ್ಷಿ. ಅಲ್ಲಿ ಕೊನೆಯ ವೇಗದ ತಿರುವಿನ ಮುಂಚೆ 2007ರಲ್ಲಿ ಚಿಕೇನ್ ಹಾಕಿದರು. 16 ವರ್ಷ ಎಲ್ಲರೂ ಅದನ್ನು ಶಪಿಸಿದರು. ಹೊರಬದಿಯ ತಡೆಗೋಡೆ, ರನ್-ಆಫ್ ಸರಿಮಾಡಿದ ಮೇಲೆ 2023ರಲ್ಲಿ ಫಾರ್ಮುಲಾ 1 ಕಾರುಗಳು ಮತ್ತೆ ಹಳೆಯ ವೇಗದ ತಿರುವಿಗೆ ಮರಳಿದವು. ಸುರಕ್ಷತೆ ಅಂದರೆ ಯಾವಾಗಲೂ ನಿಧಾನ ಮಾಡುವುದು ಅಂತ ಅಲ್ಲ, ಅಲ್ವಾ? ಹೊರಗಿನ ಜಾಗ ಸರಿಯಾದರೆ ಕಳೆದುಹೋದ ವೇಗವೂ ವಾಪಸ್ ಬರಬಹುದು.

ನೆದರ್‌ಲ್ಯಾಂಡ್ಸ್‌ನ ಝಾಂಡ್‌ವೂರ್ಟ್ ಇನ್ನೊಂದು ದಾರಿ ತೋರಿಸಿತು. ಸಮುದ್ರ ತೀರದ ಮರಳು ದಿಬ್ಬಗಳ ನಡುವಿನ ಇಕ್ಕಟ್ಟಾದ ಟ್ರ್ಯಾಕ್. 36 ವರ್ಷಗಳ ನಂತರ 2021ರಲ್ಲಿ ಫಾರ್ಮುಲಾ 1 ಅಲ್ಲಿಗೆ ಮರಳುವ ಮೊದಲು ಇಟಲಿಯ ಡ್ರೊಮೊ ಸಂಸ್ಥೆ ಎರಡು ತಿರುವುಗಳನ್ನು ಓರೆಯಾಗಿ ಎತ್ತಿತು. ಕೊನೆಯ ತಿರುವು 18 ಡಿಗ್ರಿ, ಮೂರನೆಯ ತಿರುವು 19 ಡಿಗ್ರಿ. ಇಂಡಿಯಾನಾಪೊಲಿಸ್‌ನ ಓರೆ ಇದರ ಅರ್ಧ. ಓರೆ ಇದ್ದಾಗ ಕಾರಿನ ತೂಕದ ಒಂದು ಪಾಲೇ ಅದನ್ನು ತಿರುವಿನ ಒಳಗೆ ಹಿಡಿದಿಡುತ್ತದೆ. ಅಗಲವೂ ಇದ್ದರೆ ಬೇರೆ ಬೇರೆ ಸಾಲಿನಲ್ಲಿ ಓಡಿಸಬಹುದು, ಹಿಂದಿಕ್ಕೋಕೆ ಅವಕಾಶ. ಟ್ರ್ಯಾಕ್‌ನ ಗುಣ ಕೆಡಿಸದೆ ಹೊಸದು ಮಾಡುವುದು ಹೀಗೆ.

ಸ್ಪಾ ಕಲಿಸಿದ್ದು

ಬೆಲ್ಜಿಯಂನ ಸ್ಪಾ-ಫ್ರಾಂಕೊರ್ಶಾಂ ಮೊದಲು 14 ಕಿ.ಮೀ. ಆಸುಪಾಸಿನ ಊರ ರಸ್ತೆ. ಮನೆ, ಬೇಲಿ, ಕಂಬ ಎಲ್ಲಾ ಪಕ್ಕದಲ್ಲೇ. 1966ರ ರೇಸ್‌ನ ಮೊದಲ ಸುತ್ತಿನಲ್ಲೇ ಮಳೆಗೆ ಜಾಕಿ ಸ್ಟೀವರ್ಟ್ ಅವರ ಕಾರು ರಸ್ತೆ ಬಿಟ್ಟಿತು. ಮೈಮೇಲೆ ಪೆಟ್ರೋಲ್ ಸುರಿಯುತ್ತಿದೆ, ಕಾಲು ಸಿಕ್ಕಿಕೊಂಡಿದೆ. ಬಿಡಿಸೋಕೆ ಬಂದವರು ಸಹ ಚಾಲಕರಾದ ಗ್ರಹಾಂ ಹಿಲ್ ಮತ್ತು ಬಾಬ್ ಬಾಂಡ್ಯುರಾಂಟ್. ಸ್ಟೀರಿಂಗ್ ಕಳಚೋಕೆ ಸ್ಪ್ಯಾನರ್ ಬೇಕಿತ್ತು. ಅದನ್ನು ಪ್ರೇಕ್ಷಕರೊಬ್ಬರ ಹತ್ತಿರ ಕಡ ತಂದರು! ಅಂದಿನಿಂದ ಸ್ಟೀವರ್ಟ್ ತಮ್ಮ ಕಾರಿನಲ್ಲೇ ಒಂದು ಸ್ಪ್ಯಾನರ್ ಅಂಟಿಸಿಕೊಂಡು ಓಡಿಸಿದರು. ಟ್ರ್ಯಾಕ್ ಸುರಕ್ಷತೆಗಾಗಿ ಅವರು ನಡೆಸಿದ ಹೋರಾಟ ಶುರುವಾದದ್ದು ಅಲ್ಲಿಂದ. 1969ರಲ್ಲಿ ಚಾಲಕರು ಸ್ಪಾವನ್ನೇ ಬಹಿಷ್ಕರಿಸಿದರು. 1979ರಲ್ಲಿ ಅದು ಸುಮಾರು 7 ಕಿ.ಮೀ.ಗೆ ಇಳಿದು ಹೊಸದಾಗಿ ಬಂತು.

ಹೊಸ ಸ್ಪಾದಲ್ಲೂ ರೆಡಿಯೋನ್ ಏರು ಉಳಿಯಿತು. ಕಡಿದಾದ ಏರು, ಮೇಲೆ ಹೋಗುವವರೆಗೆ ಆಚೆ ಏನಿದೆ ಕಾಣಲ್ಲ. 2019ರ ಆಗಸ್ಟ್ 31ರಂದು ಫಾರ್ಮುಲಾ 2 ರೇಸ್‌ನಲ್ಲಿ ಆಂಟ್ವಾನ್ ಯುಬೇರ್ ಅವರ ಕಾರು ಅಲ್ಲಿ ತಡೆಗೋಡೆಗೆ ಗುದ್ದಿ ವಾಪಸ್ ಪುಟಿಯಿತು. ಹಿಂದಿನಿಂದ ಬಂದ ಹುವಾನ್ ಮ್ಯಾನುಯೆಲ್ ಕೊರೆಯಾ ಅವರ ಕಾರು ಅದರ ಪಕ್ಕೆಗೆ ನೇರವಾಗಿ ಬಡಿಯಿತು. ಯುಬೇರ್ ಉಳಿಯಲಿಲ್ಲ. ಮೊದಲ ಡಿಕ್ಕಿಯಲ್ಲ, ಎರಡನೆಯದು ಕೊಂದಿತು. ಗೋಡೆ ಕಾರನ್ನು ಹಿಡಿದುಕೊಳ್ಳಬೇಕು, ರಸ್ತೆಗೆ ವಾಪಸ್ ಎಸೆಯಬಾರದು ಅನ್ನುವ ಪಾಠ ಇದು. 2022ರ ಹೊತ್ತಿಗೆ ಅಲ್ಲಿ ತಡೆಗೋಡೆಗಳನ್ನು ಹಿಂದಕ್ಕೆ ಸರಿಸಿದರು, ರನ್-ಆಫ್ ಹಿಗ್ಗಿಸಿದರು, ಕೆಲವು ತಿರುವುಗಳಲ್ಲಿ ಜಲ್ಲಿ ಮತ್ತೆ ತಂದರು.

ಆದರೂ 2023ರ ಜುಲೈನಲ್ಲಿ ಮಳೆಯ ರೇಸ್‌ನಲ್ಲಿ ಡಿಲಾನೋ ವಾನ್ ಟ್ ಹಾಫ್ ಅನ್ನುವ 18ರ ಹುಡುಗ ಆ ಏರಿನ ನಂತರದ ನೇರ ದಾರಿಯಲ್ಲಿ ತೀರಿಕೊಂಡ. ಮುಂದಿನ ಕಾರುಗಳು ಎಬ್ಬಿಸಿದ ನೀರಿನ ಮಂಜಿನಲ್ಲಿ ಏನೂ ಕಾಣುತ್ತಿರಲಿಲ್ಲ. ರೇಸ್ ನಡೆಸಬೇಕೋ ನಿಲ್ಲಿಸಬೇಕೋ ಅನ್ನುವ ತೀರ್ಮಾನವನ್ನು ಯಾವ ರನ್-ಆಫ್ ಕೂಡ ಮಾಡಿಕೊಡುವುದಿಲ್ಲ. 2014ರಲ್ಲಿ ಸುಝುಕಾದಲ್ಲಿ ಜೂಲ್ ಬಿಯಾಂಕಿ ಗುದ್ದಿದ್ದು ಗೋಡೆಗಲ್ಲ, ಇನ್ನೊಂದು ಕಾರನ್ನು ಎತ್ತೋಕೆ ಬಂದಿದ್ದ ಯಂತ್ರಕ್ಕೆ. ಆಮೇಲೆ, ಅಪಾಯ ಇದ್ದಾಗ ಎಲ್ಲ ಕಾರುಗಳೂ ವೇಗ ಇಳಿಸಲೇಬೇಕು ಅನ್ನುವ ವರ್ಚುವಲ್ ಸೇಫ್ಟಿ ಕಾರ್ ನಿಯಮ ಬಂತು. ಕ್ರೇನ್ ಎಲ್ಲಿ ನಿಲ್ಲಬೇಕು, ಕಾರನ್ನು ತಡೆಗೋಡೆಯ ಆಚೆಯಿಂದಲೇ ಎತ್ತೋಕೆ ಆಗುತ್ತಾ, ಎಳೆದು ಮರೆಮಾಡೋಕೆ ಸಂದಿ ಎಲ್ಲಿ ಬಿಡಬೇಕು, ಇದನ್ನೂ ಈಗ ನಕ್ಷೆಯಲ್ಲೇ ಯೋಚಿಸಬೇಕು.

ಕಾಲಡಿಯ ಡಾಂಬರು

ರಸ್ತೆಯ ಮೇಲ್ಮೈ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಕೆಟ್ಟಾಗ ಮಾತ್ರ ಗೊತ್ತಾಗುತ್ತದೆ. 2018ರಲ್ಲಿ ಸಿಲ್ವರ್‌ಸ್ಟೋನ್‌ಗೆ ಹೊಸ ಡಾಂಬರು ಹಾಕಿದ್ದರು. ಆಗಸ್ಟ್‌ನ ಬೈಕ್ ಗ್ರ್ಯಾನ್ ಪ್ರಿಗೆ ಮಳೆ ಬಂತು. ನೀರು ಹರಿದು ಹೋಗದೆ ನಿಂತಿತು. ಶನಿವಾರ ಸ್ಟೋವ್ ತಿರುವಿನಲ್ಲಿ ಒಬ್ಬರ ಹಿಂದೆ ಒಬ್ಬರು ನೀರಿನ ಮೇಲೆ ಜಾರಿದರು. ಬಿದ್ದು ಎದ್ದು ಜಲ್ಲಿಯಲ್ಲಿ ನಿಂತಿದ್ದ ಟೀಟೊ ರಬಾತ್ ಅವರಿಗೆ ಇನ್ನೊಬ್ಬರ ಬೈಕ್ ಬಂದು ಬಡಿದು ಕಾಲು ಮುರಿಯಿತು. ಭಾನುವಾರ ಇಡೀ ದಿನ ಕಾದು ರೇಸ್ ರದ್ದಾಯಿತು. ಮರುವರ್ಷ ಮತ್ತೆ ಡಾಂಬರು ಹಾಕಿದರು.

ನೀರು ನಿಲ್ಲುವುದು ಹೇಗೆ ಅಂತ ಒಂದು ಚಿತ್ರ ಮನಸ್ಸಿಗೆ ತಂದುಕೊಳ್ಳಿ. ಎಡ ತಿರುವಿನಲ್ಲಿ ರಸ್ತೆ ಎಡಕ್ಕೆ ವಾಲಿರುತ್ತದೆ, ಬಲ ತಿರುವಿನಲ್ಲಿ ಬಲಕ್ಕೆ. ಹಾಗಾದರೆ ಎಡ ಮುಗಿದು ಬಲ ಶುರುವಾಗುವ ನಡುವೆ ಎಲ್ಲೋ ಒಂದು ಕಡೆ ರಸ್ತೆ ಯಾವ ಕಡೆಗೂ ವಾಲಿರುವುದಿಲ್ಲ. ಅದೇ ಜಾಗದಲ್ಲಿ ಉದ್ದಕ್ಕೂ ಇಳಿಜಾರು ಇಲ್ಲದಿದ್ದರೆ ನೀರಿಗೆ ಹೋಗೋಕೆ ದಾರಿಯೇ ಇಲ್ಲ. ಅಲ್ಲಿ ತೆಳ್ಳಗೆ ಒಂದು ಕೆರೆ. ಕಣ್ಣಿಗೆ ಕಾಣಲ್ಲ, ಟಯರ್‌ಗೆ ಕಾಣುತ್ತದೆ. ಆ ಬಿಂದುವನ್ನು ಇಳಿಜಾರಿನ ಮೇಲೆ ಬೀಳುವ ಹಾಗೆ ಜರುಗಿಸುವುದು ವಿನ್ಯಾಸಕಾರರ ಕೈಚಳಕ.

ಹೊಸ ಡಾಂಬರಿಗೆ ಇನ್ನೊಂದು ಗುಣ ಇದೆ. ಅದರಿಂದ ಎಣ್ಣೆಯ ಅಂಶ ಮೇಲಕ್ಕೆ ಬರುತ್ತಿರುತ್ತದೆ. 2020ರಲ್ಲಿ ಇಸ್ತಾಂಬುಲ್‌ನಲ್ಲಿ ರೇಸ್‌ಗೆ ಕೆಲವೇ ವಾರ ಮುಂಚೆ ಡಾಂಬರು ಹಾಕಿದ್ದರು. ಮಂಜುಗಡ್ಡೆಯ ಮೇಲೆ ಓಡಿಸಿದ ಹಾಗಿದೆ ಅಂತ ಚಾಲಕರು ಗೋಳಾಡಿದರು.

ಇಷ್ಟೆಲ್ಲ ಆದ ಮೇಲೆ ಪರವಾನಗಿ. ಕಾರ್ ರೇಸ್‌ಗಳ ಜಾಗತಿಕ ಸಂಸ್ಥೆ ಎಫ್‌ಐಎ ಸರ್ಕ್ಯೂಟ್‌ಗಳಿಗೆ ಗ್ರೇಡ್ ಕೊಡುತ್ತದೆ. ಒಂದು ಹಾರ್ಸ್‌ಪವರ್‌ಗೆ 1 ಕೆ.ಜಿ.ಗಿಂತ ಕಡಿಮೆ ತೂಕ ಬೀಳುವ ಕಾರು ಓಡಿಸೋಕೆ ಗ್ರೇಡ್ 1 ಬೇಕು. ಫಾರ್ಮುಲಾ 1 ಬರುವುದು ಇಲ್ಲೇ. ಹೊಸ ಟ್ರ್ಯಾಕ್ ಆದರೆ ಅಗಲ ಕನಿಷ್ಠ 12 ಮೀಟರ್, ಕಾರುಗಳು ಹೊರಡುವ ಜಾಗದಲ್ಲಿ 15 ಮೀಟರ್. ಹೊರಡುವ ಗೆರೆಯಿಂದ ಮೊದಲ ತಿರುವಿಗೆ 250 ಮೀಟರ್ ಆದರೂ ಇರಬೇಕು. ಜೊತೆಗೆ ಆಸ್ಪತ್ರೆ ಕೋಣೆ, ಹೆಲಿಕಾಪ್ಟರ್ ಇಳಿಯೋ ಜಾಗ, ಮಾರ್ಷಲ್ ನಿಲ್ಲುವ ಕಟ್ಟೆಗಳು. ಹಿಡಿತ ತಪ್ಪಿದ ಕಾರು ಎಷ್ಟು ವೇಗದಲ್ಲಿ ಗೋಡೆ ಮುಟ್ಟುತ್ತದೆ ಅಂತ ಎಫ್‌ಐಎ ಕಂಪ್ಯೂಟರ್‌ನಲ್ಲೇ ಲೆಕ್ಕ ಹಾಕುತ್ತದೆ. ತಪಾಸಣೆಯವರು ನೆಲದ ಮೇಲೆ ನಡೆದೂ ನೋಡುತ್ತಾರೆ.

ಆ ಪರವಾನಗಿ ಹೆಚ್ಚೆಂದರೆ ಮೂರು ವರ್ಷಕ್ಕೆ. ಯಾಕೆ ಅಷ್ಟೇ ಅಂದರೆ, ಟ್ರ್ಯಾಕ್ ಹಾಗೇ ಇದ್ದರೂ ಕಾರು ಹಾಗೇ ಇರುವುದಿಲ್ಲ. 2009ರಲ್ಲಿ ಫಾರ್ಮುಲಾ 1 ಕಾರಿನ ಕನಿಷ್ಠ ತೂಕ ಚಾಲಕನೂ ಸೇರಿ 605 ಕೆ.ಜಿ. 2022ರ ಹೊತ್ತಿಗೆ 798 ಕೆ.ಜಿ. ಅದೇ ತಿರುವು, ಅದೇ ವೇಗ, ಅದೇ ಟಯರ್ ಗೋಡೆ. ಆದರೆ ಬಂದು ಗುದ್ದುವುದು ಹೆಚ್ಚುಕಮ್ಮಿ ಮೂರನೇ ಒಂದು ಪಾಲು ಜಾಸ್ತಿ ಶಕ್ತಿ. ಆ ಬೋಲ್ಟ್‌ಗಳನ್ನು ಮತ್ತೆ ಯಾರಾದರೂ ಬಗ್ಗಿ ನೋಡಲೇಬೇಕು.